ಬೈಬಲ್ ಶಾಲೆಯ ಅರ್ಜಿ ತುಂಬುವ ಮೊದಲು

(ಪುತ್ತೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು. ಸುಳ್ಯ, ಕಡಬದಿಂದ ಬರಲಿಕ್ಕೆ ಆಗದ ಗೆಳೆಯರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇವೆ.)



ಇವತ್ತಿನ ಮಾತಿಗೆ ಕಾರಣ ಒಂದು ಅರ್ಜಿ ಫಾರಂ. ಎರಡು ವಾರದ ಹಿಂದೆ ಕಡಬ ಕಡೆಯ ಒಬ್ಬ ಹುಡುಗ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿಟ್ಟುಕೊಂಡು ನಮ್ಮ ಹತ್ತಿರ ಬಂದ. ಪಿಯುಸಿ ಮುಗಿದಿದೆ. ಅಮ್ಮ ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ಮಳೆ ಹಿಡಿದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಸಂಬಳ ಇಲ್ಲ. ಹುಡುಗ ಕೇಳಿದ್ದು ಇಷ್ಟೆ: "ಅಣ್ಣಾ, ಇದು ಬೈಬಲ್ ಶಾಲೆ. ಒಂದು ವರ್ಷದ ಕೋರ್ಸ್. ಊಟ, ಉಳಿಯುವುದು ಎಲ್ಲ ಫ್ರೀ ಅಂತೆ. ಸೇರುವುದಾ, ಬೇಡವಾ?"

ನಮಗೆ ತಕ್ಷಣ ಉತ್ತರ ಹೇಳಲಿಕ್ಕೆ ಆಗಲಿಲ್ಲ. ನಾಚಿಕೆ ಆಯಿತು, ಸುಳ್ಳು ಯಾಕೆ ಹೇಳುವುದು. ಭೂಸಾ ಪ್ರಕರಣದಿಂದ ಹಿಡಿದು ಮೀಸಲಾತಿಯವರೆಗೆ ಗಂಟೆಗಟ್ಟಲೆ ಮಾತಾಡುವ ನಾವು, ನಮ್ಮ ಕೇರಿಯ ಹುಡುಗರು ವರ್ಷ ವರ್ಷ ತುಂಬುವ ಈ ಒಂದು ಫಾರಮನ್ನು ಕೂತು ಓದಿಯೇ ಇರಲಿಲ್ಲ. ಆಮೇಲೆ ಓದಿದೆವು. ಓದಿದ್ದನ್ನು, ಹುಡುಕಿದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲೇ ಒಂದು ಮಾತು ಸ್ಪಷ್ಟ ಆಗಲಿ. ಈ ಜಿಲ್ಲೆಯಲ್ಲಿ ಬೈಬಲ್ ಎಂಬ ಶಬ್ದ ಕೇಳಿದ ಕೂಡಲೇ ದೊಣ್ಣೆ ಹಿಡಿದು ಬರುವವರು ಇದ್ದಾರೆ. ನಮ್ಮ ಕೇರಿಗೆ ನೀರು ಬರದಾಗ ಬಾರದವರು, ಪ್ರಾರ್ಥನೆಗೆ ನಾಲ್ಕು ಜನ ಕೂತರೆ ಮಾತ್ರ ಓಡಿ ಬರುತ್ತಾರೆ. ಅವರ ಪಂಕ್ತಿಯಲ್ಲಿ ನಾವಿಲ್ಲ. ಹುಟ್ಟಿದ ಧರ್ಮದಲ್ಲೇ ಸಾಯುವುದಿಲ್ಲ ಎಂದು ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ ಸಾರಿದರು. ನಂತರ 21 ವರ್ಷ ಓದಿ, ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ದಾರಿ ಹಿಡಿದರು. ಧರ್ಮ ಆರಿಸಿಕೊಳ್ಳುವುದು ನಮ್ಮ ಹಕ್ಕು. ಆದರೆ ಅವರು 21 ವರ್ಷ ತೆಗೆದುಕೊಂಡ ತೀರ್ಮಾನವನ್ನು ನಾವು ಊಟದ ಚಿಂತೆಯಲ್ಲಿ 21 ನಿಮಿಷದಲ್ಲಿ ಮುಗಿಸುತ್ತಿದ್ದೇವಲ್ಲ, ಅದರ ಬಗ್ಗೆ ನಮ್ಮ ಮಾತು.

ಬೈಬಲ್ ವಿದ್ಯಾಭ್ಯಾಸ ನಮ್ಮ ಜಿಲ್ಲೆಗೆ ಹೊಸತಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ವರ್ಷ ಕೊಡಗಿನ ರಾಜ್ಯ ಬ್ರಿಟಿಷರ ಕೈಸೇರಿತು, ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಬಂದವು. ಆಗ ನಮ್ಮ ಅಜ್ಜನ ಅಜ್ಜಂದಿರು ಯಾರು? ಮೂಲದ ಹೊಲೆಯರು ಅಂತ ಕಾಗದದಲ್ಲಿ ಬರೆದಿದ್ದರು. ಗದ್ದೆಯ ಜೊತೆ ಆಳೂ ಸೇರಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದದ್ದು 1843ರ 5ನೇ ಕಾಯಿದೆ. ಅದೇ 1843ರ ಜುಲೈ 1ರಂದು ಮೊಗ್ಲಿಂಗ್ ಪಾದ್ರಿ 'ಮಂಗಳೂರ ಸಮಾಚಾರ' ಎಂಬ ಪತ್ರಿಕೆ ಶುರು ಮಾಡಿದರು. ಕಲ್ಲಚ್ಚಿನಲ್ಲಿ ತೆಗೆದದ್ದು, ಕನ್ನಡದ ಮೊದಲ ಪತ್ರಿಕೆ. ಬರೆದ ಹಾಳೆಯನ್ನೇ ಅಚ್ಚು ಒತ್ತುವುದು. ನಮ್ಮ ಈ ಹಾಳೆಗಳೂ ಅದೇ ಜಾತಿಯವು ಅನ್ನಬಹುದು.

ಬಲ್ಮಠದ ಗುಡ್ಡದ ಮೇಲಿನ ಸೆಮಿನರಿ ತನ್ನ ಹುಟ್ಟಿದ ವರ್ಷ 1847 ಎಂದು ಹೇಳಿಕೊಳ್ಳುತ್ತದೆ. ಉಪದೇಶಿಗಳನ್ನು, ಪಾದ್ರಿಗಳನ್ನು ತಯಾರು ಮಾಡುವ ಶಾಲೆ. 1965ರಲ್ಲಿ ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿ ಅದರ ಜೊತೆ ಸೇರಿ ಇವತ್ತಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಅದೇ 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಪೂರ್ತಿ ಅಚ್ಚಾಗಿ ಬಂತು. ಯೋಚನೆ ಮಾಡಿ. ನಮ್ಮವರು ಗುತ್ತಿನ ಮನೆಯ ಅಂಗಳ ಮೆಟ್ಟಲಿಕ್ಕೆ ಆಗದ ಕಾಲದಲ್ಲಿ, ನಾವು ಆಡುವ ತುಳುವನ್ನು ಕನ್ನಡ ಅಕ್ಷರದಲ್ಲಿ ಹಾಕಿ, ಇದು ದೇವರ ವಾಕ್ಯ ಅಂದರು. ದೇವರಿಗೆ ತುಳು ಬರುತ್ತದೆ ಅಂತ ಈ ನಾಡಿನಲ್ಲಿ ಪುಸ್ತಕ ಮಾಡಿ ತೋರಿಸಿದವರು ಅವರು. ಈ ಋಣವನ್ನು ನಾವು ಅಲ್ಲಗಳೆಯುವುದಿಲ್ಲ. ಭೂತದ ಕೋಲದಲ್ಲಿ ನಮ್ಮ ನಲಿಕೆ, ಪಂಬದ, ಪರವ ಬಂಧುಗಳ ಬಾಯಲ್ಲಿದ್ದ ಪಾಡ್ದನಗಳನ್ನು 1886ರಲ್ಲಿ ಪುಸ್ತಕ ಮಾಡಿ ತಂದದ್ದೂ ಅದೇ ಮಿಶನ್ನಿನ ಅಚ್ಚುಕೂಟ.

ಆದರೆ ಆ ಸೆಮಿನರಿಯ ಬಾಗಿಲಿನಿಂದ ಒಳಗೆ ಹೋದವರು ಯಾರು? ಆ ಕಾಲದ ಚರಿತ್ರೆ ತೆಗೆದರೆ ಮೊದಲು ಸಿಗುವ ಹೆಸರು ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ. 1844ರಲ್ಲಿ ಅವರ ದೀಕ್ಷಾಸ್ನಾನ ಆದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಮೊಗ್ಲಿಂಗರು ಅವರನ್ನು ಬಾಸೆಲ್ಲಿಗೆ ಕರಕೊಂಡು ಹೋಗಿ ಓದಿಸಿದರು. 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಬಂದು ಸೆಮಿನರಿಯಲ್ಲಿ ಪಾಠ ಮಾಡಿದರು. ಒಳ್ಳೆಯ ಮನುಷ್ಯರೇ ಇರಬೇಕು, ಅವರ ಮೇಲೆ ನಮಗೆ ಸಿಟ್ಟಿಲ್ಲ. ಈಗ ಇನ್ನೊಂದು ಕಡೆ ನೋಡಿ. 1850ರ ದಶಕದಲ್ಲಿ ಮೊಗ್ಲಿಂಗರು ಕೊಡಗಿಗೆ ಹೋದರು. ಅಲ್ಲಿ ಜಮೀನಿನ ಆಳುಗಳಾಗಿದ್ದ ಹೊಲೆಯರು ಕ್ರೈಸ್ತರಾದಾಗ ಅವರಿಗಾಗಿ ಆನಂದಪುರ ಎಂಬ ಊರು ಕಟ್ಟಿದರು. ದೊಡ್ಡ ಕೆಲಸವೇ. ಆದರೆ ನಾವು ಓದಿದ ಪುಸ್ತಕಗಳಲ್ಲಿ ಕೌಂಡಿನ್ಯರ ಹುಟ್ಟಿದ ವರ್ಷ, ಮದುವೆ, ಸಾವು ಎಲ್ಲ ಸಿಗುತ್ತದೆ. ಆನಂದಪುರದ ಹೊಲೆಯರು ಮಾತ್ರ ಇಷ್ಟು ಜನ ಎಂಬ ಲೆಕ್ಕ. ಒಬ್ಬನಿಗೆ ಜೀವನಚರಿತ್ರೆ, ಉಳಿದವರಿಗೆ ತಲೆಲೆಕ್ಕ. ಕೆನರಾದಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಿಗೂ ಆ ಕಾಲದಲ್ಲಿ ಸುಖ ಇರಲಿಲ್ಲ, ಮಿಶನ್ನಿನ ನೇಯ್ಗೆ, 1865ರಿಂದ ಶುರುವಾದ ಹೆಂಚಿನ ಕಾರ್ಖಾನೆ ಅವರ ಅನ್ನಕ್ಕೆ ದಾರಿಯಾಯಿತು. ನಮ್ಮವರು ಅಲ್ಲೊಬ್ಬ ಇಲ್ಲೊಬ್ಬ.

ನಮಗೆ ಅಕ್ಷರದ ಬಾಗಿಲು ಬೇರೆ ಕಡೆಯಿಂದ ತೆರೆಯಿತು. ಕುದ್ಮುಲ್ ರಂಗರಾಯರು 1892ರಲ್ಲಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ನಮ್ಮ ಮಕ್ಕಳು ಓದಿ, ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ಬೀಳಬೇಕು ಅಂತ ಆಸೆಪಟ್ಟವರು. ಇವರೂ ಸಾರಸ್ವತರೇ ಎಂಬುದು ಈ ಜಿಲ್ಲೆಯ ಒಂದು ತಮಾಷೆ.

ಇನ್ನು ಕಡಬ, ನೆಲ್ಯಾಡಿ, ಶಿರಾಡಿ ಕಡೆಯ ಗೆಳೆಯರಿಗೆ ಬೇರೆ ಅನುಭವ ಉಂಟು. ಅಲ್ಲಿ ಕ್ರೈಸ್ತರು ಅಂದರೆ ಹೆಚ್ಚಾಗಿ ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದ ಸಿರಿಯನ್ ಕ್ರೈಸ್ತರು. ಬೆಳ್ತಂಗಡಿಯಲ್ಲಿ 1999ರಿಂದ ಸಿರೋ ಮಲಬಾರ್ ಧರ್ಮಪ್ರಾಂತ್ಯ ಉಂಟು, 2010ರಿಂದ ಪುತ್ತೂರಿನ ಹೆಸರಿನಲ್ಲೇ ಸಿರೋ ಮಲಂಕರ ಧರ್ಮಪ್ರಾಂತ್ಯ ಉಂಟು. ಅವರಲ್ಲಿ ಹಲವರ ತೋಟದಲ್ಲಿ ನಾವು ಕೆಲಸ ಮಾಡಿದ್ದೇವೆ. ಧಣಿ ಕ್ರೈಸ್ತ, ಆಳೂ ಕ್ರೈಸ್ತ ಆದರೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರಾ? ಈ ಪ್ರಶ್ನೆಯನ್ನು ಕೇರಳದಲ್ಲೇ ಕೇಳಿದ ಒಬ್ಬರಿದ್ದರು. ಪೊಯ್ಕಯಿಲ್ ಯೋಹನ್ನಾನ್, 1879ರಲ್ಲಿ ತಿರುವಲ್ಲಾದ ಹತ್ತಿರ ಪರಯ ಜಾತಿಯ ಆಳಿನ ಮನೆಯಲ್ಲಿ ಹುಟ್ಟಿದವರು. ಬೈಬಲ್ ಓದಿ ಓದಿ ದೊಡ್ಡ ಭಾಷಣಕಾರರಾದರು. ಮಾರ್ತೋಮಾ ಸಭೆಯಲ್ಲಿದ್ದರು. ಅಲ್ಲಿಯೂ ಜಾತಿ ಕಂಡು ಹೊರಗೆ ಬಂದರು. ಕೊನೆಗೆ ತಮ್ಮದೇ ಪ್ರತ್ಯಕ್ಷ ರಕ್ಷಾ ದೈವ ಸಭೆ ಕಟ್ಟಿದರು. ಇಡೀ ಪುಸ್ತಕ ಹುಡುಕಿದರೂ ನನ್ನ ಕುಲದ ಕಥೆ ಇಲ್ಲವಲ್ಲ ಎಂಬುದು ಅವರ ಸಂಕಟ. ನಮ್ಮ ಹುಡುಗರಲ್ಲಿ ಇವರ ಹೆಸರು ಕೇಳಿದವರು ಎಷ್ಟು ಜನ? ಕೈ ಎತ್ತಿ ನೋಡುವಾ. (ಯಾರೂ ಎತ್ತಲಿಲ್ಲ.) ಇರಲಿ. ನಾವೂ ಇತ್ತೀಚೆಗೆ ಓದಿದ್ದು.

ಆ ಪ್ರಶ್ನೆ ಥಿಯಲಾಜಿಕಲ್ ಕಾಲೇಜುಗಳ ಒಳಗೆ ಗಟ್ಟಿಯಾಗಿ ಕೇಳಿದ್ದು 1981ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರ ಹಳೆಯ ಸಂಸ್ಥೆ. ಅಲ್ಲಿ ಅರವಿಂದ ನಿರ್ಮಲ್ ಎಂಬ ಮೇಷ್ಟ್ರು ಒಂದು ಉಪನ್ಯಾಸ ಕೊಟ್ಟರು. ಅವರ ವಾದ ಸರಳ. ಭಾರತದ ಚರ್ಚುಗಳಲ್ಲಿ ಕೂತವರು ಹೆಚ್ಚಿನವರು ದಲಿತರು. ಆದರೆ ಪಾಠ ಮಾಡುವ ದೈವಶಾಸ್ತ್ರವೋ, ಮೇಲ್ಜಾತಿಯಿಂದ ಬಂದ ಕ್ರೈಸ್ತರು ವೇದಾಂತದ ಮಾತಿನಲ್ಲಿ ಕಟ್ಟಿದ್ದು. ಬ್ರಹ್ಮ, ಅವತಾರ, ಅದ್ವೈತ ಇವೆಲ್ಲದರ ಜೊತೆ ಯೇಸುವನ್ನು ಹೊಂದಿಸುವ ಕೆಲಸ ನಡೆಯಿತೇ ಹೊರತು, ಬಾವಿಯ ಹತ್ತಿರ ನಿಂತ ಹೆಂಗಸಿನ ಕೊಡಕ್ಕೂ ಯೇಸುವಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಅಲ್ಲಿಂದ ದಲಿತ ದೈವಶಾಸ್ತ್ರ ಎಂಬುದು ಶುರುವಾಯಿತು. ನಿರ್ಮಲರು ಆಮೇಲೆ ಮದರಾಸಿನ ಗುರುಕುಲ ಲುಥರನ್ ಕಾಲೇಜಿನಲ್ಲಿ ಅದಕ್ಕೇ ಒಂದು ವಿಭಾಗ ನಡೆಸಿದರು. ಕೆಥೊಲಿಕ್ ಬಿಷಪರ ಸಮ್ಮೇಳನ 2016ರಲ್ಲಿ ಒಂದು ನೀತಿಪತ್ರ ಹೊರಡಿಸಿ, ಸಭೆಯ ಒಳಗೂ ಅಸ್ಪೃಶ್ಯತೆ ಉಂಟು ಅಂತ ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಪೂಲ ಆಂಟನಿಯವರು ಕಾರ್ಡಿನಲ್ ಆದರು, ದಲಿತರಲ್ಲಿ ಮೊದಲಿಗರು. ಮಂಗಳೂರಿನ ಜೆಪ್ಪು ಸೆಮಿನರಿ 1879ರಿಂದ ನಡೆಯುತ್ತಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಎಷ್ಟು ತಡವಾಗಿ ಆಯಿತು ಅಂತ ತಿಳಿಯುತ್ತದೆ.

ಹಾಗಾದರೆ ಎಲ್ಲ ಬೈಬಲ್ ಶಾಲೆಯೂ ಒಂದೇ ಅಂತ ತಿಳಿಯಬೇಡಿ. ಇಲ್ಲಿ ನಮ್ಮ ಹುಡುಗರು ಬಹಳ ಮೋಸ ಹೋಗುವುದು. ಬಿ.ಡಿ. ಅಂತ ಒಂದು ಡಿಗ್ರಿ ಉಂಟು. ಅದನ್ನು ಕೊಡುವುದು ಬಂಗಾಳದ ಸೆರಾಂಪುರದ ಸೆನೆಟ್. ಆ ಕಾಲೇಜು 1818ರದ್ದು, ಡಿಗ್ರಿ ಕೊಡುವ ಅಧಿಕಾರವನ್ನು 1827ರಲ್ಲಿ ಡೆನ್ಮಾರ್ಕಿನ ರಾಜ ಕೊಟ್ಟದ್ದು. ಬಲ್ಮಠ, ಬೆಂಗಳೂರಿನ ಕಾಲೇಜುಗಳು ಅದಕ್ಕೆ ಸೇರಿವೆ. ಪಿಯುಸಿ ಆದವರಿಗೆ 5 ವರ್ಷ, ಡಿಗ್ರಿ ಆದವರಿಗೆ 4 ವರ್ಷ. ಗ್ರೀಕ್, ಹೀಬ್ರೂ, ಸಭಾ ಚರಿತ್ರೆ, ಸಮಾಜಶಾಸ್ತ್ರ ಎಲ್ಲ ಓದಬೇಕು, ಸುಲಭ ಇಲ್ಲ. ಸಾಮಾನ್ಯವಾಗಿ ಒಂದು ಡಯೊಸಿಸ್ ನಿಮ್ಮನ್ನು ಕಳಿಸಬೇಕು. ಕಳಿಸಿದವರು ಓದಿ ಬಂದ ಮೇಲೆ ಸಭಾಪಾಲಕರ ಕೆಲಸ ಕೊಡುತ್ತಾರೆ, ಸಂಬಳ ಉಂಟು, ಮನೆ ಉಂಟು. ಬೀದರ, ಕಲಬುರಗಿ ಕಡೆಯ ಮೆಥೋಡಿಸ್ಟ್ ಸಭೆಗಳಲ್ಲಿ ನಮ್ಮ ಮಾದಿಗ ಬಂಧುಗಳು ಹೀಗೆ ಓದಿ ಪಾದ್ರಿಗಳಾಗಿದ್ದಾರೆ. ಇದು ಒಂದು ದಾರಿ.

ನಮ್ಮ ಹುಡುಗ ತಂದ ಫಾರಂ ಆ ದಾರಿಯದ್ದಲ್ಲ. ಅದು ಯಾವುದೋ ಒಬ್ಬರು ನಡೆಸುವ ಶಾಲೆ. ಆರು ತಿಂಗಳು, ಒಂದು ವರ್ಷ, ಎರಡು ವರ್ಷ ಹೀಗೆ ಕೋರ್ಸು. ಕೊನೆಗೆ ಒಂದು ಸರ್ಟಿಫಿಕೇಟ್, ಒಂದು ಫೋಟೋ, ಒಂದು ಕಪ್ಪು ಗೌನು. ಆ ಸರ್ಟಿಫಿಕೇಟ್ ಹಿಡಿದು ಬಿ.ಎ.ಗೆ ಸೇರಲಿಕ್ಕೆ ಆಗುವುದಿಲ್ಲ, ಕೆಪಿಎಸ್‌ಸಿಗೆ ಅರ್ಜಿ ಹಾಕಲಿಕ್ಕೆ ಆಗುವುದಿಲ್ಲ. ಮುಗಿಸಿದವರಿಗೆ ಕೆಲಸ ಅಂದರೆ ಇಪ್ಪತ್ತು ಮನೆ ಇರುವ ಯಾವುದೋ ಕಾಲನಿಗೆ ಹೋಗಿ ಪ್ರಾರ್ಥನೆ ಶುರು ಮಾಡುವುದು. ಆ ಇಪ್ಪತ್ತು ಮನೆಯವರು ಕೂಲಿಯಿಂದ ತೆಗೆದು ಕೊಡುವ ದಶಮಾಂಶದಲ್ಲಿ ಬದುಕುವುದು. ಬಡವನನ್ನು ಸಾಕಲಿಕ್ಕೆ ಬಡವರನ್ನೇ ಹುಡುಕುವುದು ಅಂತ ನಮ್ಮಲ್ಲೊಬ್ಬರು ಅಂದರು. ಸ್ವಲ್ಪ ಕಟುವಾಯಿತು, ಆದರೆ ಸುಳ್ಳು ಅಂತ ಹೇಳಲಿಕ್ಕೆ ನಮ್ಮಿಂದ ಆಗಲಿಲ್ಲ.

ಈಗ ಮುಖ್ಯ ವಿಷಯ. ಫಾರಮಿನ ಎರಡನೇ ಪುಟದಲ್ಲಿ ಒಂದು ಗೆರೆ ಉಂಟು: ದೀಕ್ಷಾಸ್ನಾನದ ತಾರೀಕು, ಕೊಟ್ಟ ಪಾದ್ರಿಯ ಹೆಸರು, ಸರ್ಟಿಫಿಕೇಟಿನ ಪ್ರತಿ ಲಗತ್ತಿಸಿ. ಈ ಒಂದು ಗೆರೆಯ ಬೆಲೆ ಎಷ್ಟು ಅಂತ ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದಲ್ಲಿ ಮೂರನೇ ಪ್ಯಾರಾ ಅಂತ ಉಂಟು. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತ ಅದು ಹೇಳಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ಅವರನ್ನು ಹಿಂದುಳಿದ ವರ್ಗದ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಅಂದರೆ ಎಸ್‌ಸಿ ಸ್ಕಾಲರ್‌ಶಿಪ್ ಹೋಯಿತು, ಎಸ್‌ಸಿ ಸೀಟು ಹೋಯಿತು, ಮೀಸಲು ಪಂಚಾಯತ್ ಸ್ಥಾನಕ್ಕೆ ನಿಲ್ಲುವ ಹಕ್ಕು ಹೋಯಿತು. ಯಾರಾದರೂ ಜಾತಿ ಹಿಡಿದು ಬೈದು ಹೊಡೆದರೆ ದೌರ್ಜನ್ಯ ಕಾಯಿದೆಯ ಕೇಸೂ ನಿಲ್ಲುವುದು ಕಷ್ಟ. ಹೊಡೆಯುವವನು ಮಾತ್ರ ದೀಕ್ಷಾಸ್ನಾನದ ಸರ್ಟಿಫಿಕೇಟ್ ನೋಡಿ ಹೊಡೆಯುವುದಿಲ್ಲ.

ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರ ಕೇಸು ಎಲ್ಲರೂ ತಿಳಿದಿರಬೇಕು. ಸರಕಾರ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಅದೇ ಕೆಲಸ ಮಾಡುವ, ಅದೇ ಆದಿದ್ರಾವಿಡ ಜಾತಿಯಲ್ಲಿ ಹುಟ್ಟಿದ ಸೂಸೈಗೆ ಕೊಡಲಿಲ್ಲ, ಅವರು ಕ್ರೈಸ್ತರು ಅಂತ. ಅದೇ ಉಳಿ, ಅದೇ ಧೂಳು, ಅದೇ ಬಿಸಿಲು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಹೊಸ ಧರ್ಮದಲ್ಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಎಂಬುದಕ್ಕೆ ಸಾಕಷ್ಟು ಆಧಾರ ಕೊಟ್ಟಿಲ್ಲ ಅಂತ 1985ರಲ್ಲಿ ತೀರ್ಪಾಯಿತು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಆ ಮೂರನೇ ಪ್ಯಾರಾವನ್ನೇ ತೆಗೆಯಿರಿ ಅಂದಿತು, ಯಾರೂ ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ನೇಮಿಸಿದರು. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಮಹಿಳೆಯ ಕೇಸಿನಲ್ಲಿ ಕೋರ್ಟು ಇನ್ನೂ ಬಿಗಿಯಾಯಿತು. ಚರ್ಚಿಗೆ ಹೋಗುತ್ತಾ, ಕೆಲಸಕ್ಕಾಗಿ ಮಾತ್ರ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ ಹೇಳಿತು. ಆಕೆಗೆ ದೀಕ್ಷಾಸ್ನಾನ ಆದದ್ದು ಕೂಸಾಗಿದ್ದಾಗ.

ಮರಳಿ ಬರಬಹುದಾ? ಬರಬಹುದು ಅಂತ 2015ರ ತೀರ್ಪು ಉಂಟು. ಆದರೆ ಮೂಲ ಜಾತಿ ಯಾವುದು, ನಿಜವಾಗಿ ಮರಳಿದ್ದು ಹೌದಾ, ಜಾತಿಯವರು ಒಪ್ಪಿಕೊಂಡರಾ, ಮೂರನ್ನೂ ತೋರಿಸಬೇಕು. ನಮ್ಮ ಕೇರಿಯ ಜಗಳ ಗೊತ್ತುಂಟಲ್ಲ. ಒಪ್ಪಿಕೊಂಡೆವು ಅಂತ ಸಹಿ ಹಾಕಲಿಕ್ಕೆ ಎಷ್ಟು ಜನ ಸಿಗುತ್ತಾರೆ?

ಇಲ್ಲಿ ಒಂದು ಮಾತು ಕೊರಗ, ಮಲೆಕುಡಿಯ ಗೆಳೆಯರಿಗೆ. ಈ ಮೂರನೇ ಪ್ಯಾರಾ ಪರಿಶಿಷ್ಟ ಜಾತಿಗೆ ಮಾತ್ರ. ಪರಿಶಿಷ್ಟ ಪಂಗಡದ ಆದೇಶದಲ್ಲಿ ಧರ್ಮದ ಷರತ್ತು ಇಲ್ಲ. ಕ್ರೈಸ್ತರಾದರೆ ಎಸ್‌ಟಿ ಸರ್ಟಿಫಿಕೇಟ್ ಹೋಗುತ್ತದೆ ಅಂತ ನಿಮ್ಮನ್ನು ಹೆದರಿಸುವವರಿಗೆ ಆದೇಶ ಓದಿ ಹೇಳಿ.

ರಬ್ಬರ್ ತೋಟದ ಗೆಳೆಯರ ಕಥೆ ಬೇರೆಯೇ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು, ಕಡಬದ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅವರಲ್ಲಿ ಬಹಳ ಜನ ದಲಿತರು. ಹೊರಗಿಂದ ಬಂದವರು ಅಂತ ಜಾತಿ ಸರ್ಟಿಫಿಕೇಟಿಗೆ ಅಲೆದು ಅಲೆದು ಚಪ್ಪಲಿ ಸವೆದವರು. ನಮ್ಮ ಹುಡುಗ ಅಂಥ ಮನೆಯವನೇ. ಅಜ್ಜ ಅಲೆದು, ಅಪ್ಪ ಅಲೆದು, ಕೊನೆಗೆ ಸಿಕ್ಕಿದ ಆ ಕಾಗದ ಮನೆಯಲ್ಲಿ ಟ್ರಂಕಿನ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದಾರೆ. ಈಗ ಒಂದು ವರ್ಷದ ಕೋರ್ಸಿನ ಫಾರಮಿನ ಎರಡನೇ ಪುಟದ ಆ ಒಂದು ಗೆರೆ.

ಇಷ್ಟೆಲ್ಲ ಹೇಳಿದ ಮೇಲೆ, "ಹಾಗಾದರೆ ಬೇಡ ಅಂತ ಹೇಳಿ ಬಿಡಿ" ಅನ್ನುತ್ತೀರಿ. ನಾವು ಹಾಗೆ ಹೇಳುವುದಿಲ್ಲ. ಯಾಕಂದರೆ ಆ ಹುಡುಗನಿಗೆ ನಾವು ಒಂದು ಪ್ರಶ್ನೆ ಕೇಳಿದೆವು: ನಿನಗೆ ಅಲ್ಲಿ ಎಂತ ಇಷ್ಟ ಆಯಿತು? ಅವನು ಊಟದ ಮಾತು ಎತ್ತಲಿಲ್ಲ. "ಅಲ್ಲಿ ಎದ್ದು ನಿಂತು ಮಾತಾಡಲಿಕ್ಕೆ ಕಲಿಸುತ್ತಾರೆ ಅಣ್ಣಾ. ಗಿಟಾರ್ ಕಲಿಸುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ" ಅಂದ. ನಮಗೆ ಮಾತೇ ಹೊರಡಲಿಲ್ಲ. ಹನ್ನೆರಡು ವರ್ಷ ಶಾಲೆಗೆ ಹೋದ ಹುಡುಗ. ಹಾಸ್ಟೆಲಿನಲ್ಲಿ ಅವನಿಗೆ ಯಾರಾದರೂ ಅರ್ಧ ಗಂಟೆ ಎದ್ದು ನಿಂತು ಮಾತಾಡು ಅಂದಿದ್ದಾರಾ? ನಮ್ಮ ಸಂಘಟನೆಯ ಸಭೆಗಳಲ್ಲೂ ಅವನು ಬೆಂಚು ಹೊತ್ತಿದ್ದಾನೆ, ಬ್ಯಾನರ್ ಕಟ್ಟಿದ್ದಾನೆ. ಮೈಕು ಮಾತ್ರ ಯಾವಾಗಲೂ ನಮ್ಮಂಥ ನಾಲ್ಕು ಜನರ ಕೈಯಲ್ಲಿ. ಬೈಬಲ್ ಶಾಲೆ ಅವನ ಕೈಗೆ ಒಂದು ಪುಸ್ತಕ ಕೊಟ್ಟು, ಇದು ನಿನಗೆ ಅರ್ಥ ಆಗುತ್ತದೆ, ಇದನ್ನು ನೀನು ಇತರರಿಗೆ ಹೇಳಬಹುದು ಅನ್ನುತ್ತದೆ. ನಾವು ಅವನ ಕೈಗೆ ಯಾವ ಪುಸ್ತಕ ಕೊಟ್ಟೆವು?

ಹುಡುಗಿಯರ ವಿಷಯವೂ ಹಾಗೆಯೇ. ಹೆಣ್ಣುಮಕ್ಕಳನ್ನೂ ಈ ಶಾಲೆಗಳು ಕರೆಯುತ್ತವೆ. ಸಿ.ಎಸ್.ಐ. ಸಭೆ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡುತ್ತದೆ, 2013ರಲ್ಲಿ ನಂದ್ಯಾಲದಲ್ಲಿ ಒಬ್ಬ ಹೆಂಗಸು ಬಿಷಪರೂ ಆದರು. ಆದರೆ ಕೆಲವು ಸಭೆಗಳಲ್ಲಿ ಹೆಣ್ಣು ಎರಡು ವರ್ಷ ಓದಿದರೂ ಪೀಠದ ಹತ್ತಿರ ನಿಲ್ಲುವ ಹಾಗಿಲ್ಲ, ಪಾದ್ರಿಯ ಹೆಂಡತಿಯಾಗಿ ಚಾಪೆ ಹಾಸಬೇಕು ಅಷ್ಟೆ. ಯಾವ ಸಭೆ ಅಂತ ಮೊದಲೇ ಕೇಳಿಕೊಳ್ಳಿ ತಂಗಿಯಂದಿರೇ.

ಬಾಬಾಸಾಹೇಬರು ಅಸ್ಪೃಶ್ಯರ ಕ್ರೈಸ್ತ ಮತಾಂತರದ ಬಗ್ಗೆ ಉದ್ದದ ಲೇಖನಗಳನ್ನು ಬರೆದಿಟ್ಟಿದ್ದರು. ಅವರ ಬರಹಗಳ ಇಂಗ್ಲಿಷ್ ಐದನೇ ಸಂಪುಟದಲ್ಲಿ 1989ರಲ್ಲಿ ಬಂದಿವೆ. ಮಿಶನರಿಗಳ ಶಾಲೆ, ಆಸ್ಪತ್ರೆಯ ಸೇವೆಯನ್ನು ಅವರು ಮೆಚ್ಚುತ್ತಾರೆ. ಆದರೆ ಓದಿ ಮೇಲೆ ಬಂದ ಕ್ರೈಸ್ತರು ಕೇರಿಯಲ್ಲಿ ಉಳಿದ ತಮ್ಮವರ ಅನ್ಯಾಯದ ಬಗ್ಗೆ ಯಾಕೆ ಬಾಯಿ ಬಿಡುವುದಿಲ್ಲ ಅಂತ ಕೇಳುತ್ತಾರೆ. ಇದು ನಮಗೂ ಬೀಳುವ ಪೆಟ್ಟು, ನಮ್ಮಲ್ಲಿ ನೌಕರಿ ಹಿಡಿದವರು ಎಷ್ಟು ಜನ ಹಾಸ್ಟೆಲಿಗೆ ತಿರುಗಿ ಬಂದಿದ್ದಾರೆ?

ನಾವು ಆ ಹುಡುಗನ ಜೊತೆ ಕೂತು ಶಾಲೆಯವರಿಗೆ ಒಂದು ಕಾಗದ ಬರೆದೆವು. ಬರೆದದ್ದು ಅವನೇ, ನಾವು ಕಾಗುಣಿತ ತಿದ್ದಿದೆವು ಅಷ್ಟೆ. ನಿಮ್ಮ ಕೋರ್ಸಿಗೆ ಯಾವ ಸೆನೆಟ್ ಅಥವಾ ಸಂಸ್ಥೆಯ ಮಾನ್ಯತೆ ಉಂಟು, ಅದರ ಆಧಾರದ ಮೇಲೆ ಮುಂದೆ ಬಿ.ಡಿ.ಗೆ ತೆಗೆದುಕೊಳ್ಳುತ್ತಾರಾ, ದೀಕ್ಷಾಸ್ನಾನ ಇಲ್ಲದೆ ಸೇರಿಸುತ್ತೀರಾ, ಮಧ್ಯದಲ್ಲಿ ಬಿಟ್ಟರೆ ಮಾರ್ಕ್ಸ್‌ಕಾರ್ಡು ತಿರುಗಿ ಕೊಡುತ್ತೀರಾ, ಸಂಜೆ ಕಾಲೇಜಿನಲ್ಲೋ ದೂರಶಿಕ್ಷಣದಲ್ಲೋ ಬಿ.ಎ. ಮಾಡಲಿಕ್ಕೆ ಬಿಡುತ್ತೀರಾ, ನಿಮ್ಮಲ್ಲಿ ಪಾಠ ಮಾಡುವವರಲ್ಲಿ ನಮ್ಮವರು ಎಷ್ಟು ಜನ. ಕೊನೆಯ ಪ್ರಶ್ನೆ ಅವನದ್ದೇ. ಅದನ್ನು ತೆಗೆಯುವಾ ಅಂತ ನಮ್ಮಲ್ಲೊಬ್ಬರು ಅಂದರು, ಅವನು ಒಪ್ಪಲಿಲ್ಲ.

ಕಾಗದ ಹಾಕಿ ಹತ್ತು ದಿನ ಆಯಿತು. ಉತ್ತರ ಬಂದಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಹದಿನೈದು ದಿನ ಉಂಟು. ಉತ್ತರ ಬಂದರೆ ಇದೇ ಪತ್ರಿಕೆಯಲ್ಲಿ ಹಾಕುತ್ತೇವೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಫಾರಂ ಇದ್ದರೆ ಮುಂದಿನ ಭಾನುವಾರ ತನ್ನಿ, ಯಾವ ಸಭೆಯದ್ದಾದರೂ ಆಗಲಿ, ಕೂತು ಎರಡೂ ಪುಟ ಓದುವಾ. ಆ ದಿನ ಮೊದಲು ಮಾತಾಡುವುದು ಆ ಹುಡುಗ. ಅರ್ಧ ಗಂಟೆ. ವಿಷಯ ಅವನೇ ಆರಿಸಿದ್ದಾನೆ, ಪೊಯ್ಕಯಿಲ್ ಯೋಹನ್ನಾನ್.